ಗಾಲಿಗಳ ಮೇಲಿನ ಮನೆಯಲ್ಲಿ ವಿದ್ಯುತ್ತು: ದೋಷಶೋಧನೆಯ ಇತಿಹಾಸ

೧. ವಿಷಯ ಮತ್ತು ಉದ್ದೇಶ

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಹುಟ್ಟನ್ನೇ ಕುರಿತು ಬರೆಯುತ್ತಾರೆ. ಯಾರು ಕಂಡುಹಿಡಿದರು, ಯಾವ ವರ್ಷದಲ್ಲಿ ಕಂಡುಹಿಡಿದರು, ಅದರಿಂದ ಜನಜೀವನದಲ್ಲಿ ಯಾವ ಬದಲಾವಣೆಗಳಾದುವು ಎಂಬಿವು ಅವರ ಮುಖ್ಯ ಪ್ರಶ್ನೆಗಳು. ಯಂತ್ರವು ಕೆಟ್ಟು ನಿಂತಾಗ ಏನಾಗುತ್ತಿದ್ದಿತು, ಕೆಟ್ಟ ಸ್ಥಳವನ್ನು ಯಾರು, ಯಾವ ಕ್ರಮದಿಂದ ಗುರುತಿಸುತ್ತಿದ್ದರು ಎಂಬುದಕ್ಕೆ ಇತಿಹಾಸಗ್ರಂಥಗಳಲ್ಲಿ ದೊರೆಯುವ ಸ್ಥಳ ಅತ್ಯಲ್ಪ. ಆದರೆ ಯಂತ್ರದೊಡನೆ ಬಾಳಬೇಕಾದವನಿಗೆ ಅದರ ಜನ್ಮವೃತ್ತಾಂತಕ್ಕಿಂತ ರೋಗವೃತ್ತಾಂತವೇ ಹೆಚ್ಚು ಪರಿಚಿತವಾದುದು. ಈ ಕೊರತೆಯನ್ನು ಗಮನದಲ್ಲಿಟ್ಟು, ಒಂದು ಚಿಕ್ಕ ಕ್ಷೇತ್ರವನ್ನು ಆರಿಸಿಕೊಂಡು, ಅದರಲ್ಲಿ ದೋಷಶೋಧನೆಯ ಕ್ರಮವು ಬೆಳೆದು ಬಂದ ಬಗೆಯನ್ನು ಪರಿಶೀಲಿಸುವುದೇ ಈ ಪ್ರಬಂಧದ ಉದ್ದೇಶ.

ನಾವು ಆರಿಸಿಕೊಂಡ ಕ್ಷೇತ್ರ ಮೋಟಾರುಮನೆಯದು. ತನ್ನದೇ ಎಂಜಿನಿನಿಂದ ಚಲಿಸುವ, ಒಳಗೆ ಅಡಿಗೆ, ಸ್ನಾನ, ನಿದ್ರೆಗಳಿಗೆ ಅನುಕೂಲವುಳ್ಳ ವಾಹನವನ್ನು ನಾವು ಇಲ್ಲಿ ಈ ಹೆಸರಿನಿಂದ ಕರೆಯುತ್ತೇವೆ. ಬೇರೊಂದು ವಾಹನದ ಹಿಂದೆ ಕಟ್ಟಿ ಎಳೆಯುವ ಮನೆಗೆ ಟ್ರೇಲರ್ ಎಂದು ಹೆಸರು. ನಮ್ಮಲ್ಲಿ ಚಲನಚಿತ್ರದ ನಟನಟಿಯರು ಬಳಸುವ ಕ್ಯಾರವಾನಿನಿಂದಾಗಿ ಇಂತಹ ವಾಹನಗಳ ಕಲ್ಪನೆ ಓದುಗರಿಗೆ ಇದ್ದೇ ಇರುತ್ತದೆ. ಆದರೆ ಇದು ಸಾಮಾನ್ಯ ಕುಟುಂಬಗಳ ವಾಹನವಾಗಿ ಬೆಳೆದುದು ಮುಖ್ಯವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಆದುದರಿಂದ ನಮ್ಮ ವಿಚಾರವೂ ಬಹುಮಟ್ಟಿಗೆ ಆ ದೇಶಕ್ಕೆ ಸಂಬಂಧಿಸಿದುದು.

ಈ ಕ್ಷೇತ್ರವನ್ನೇ ಆರಿಸಿದುದಕ್ಕೆ ಕಾರಣವುಂಟು. ಸಾಮಾನ್ಯ ಮನೆಗೆ ವಿದ್ಯುತ್ತು ಒಂದೇ ಕಡೆಯಿಂದ ಬರುತ್ತದೆ. ಸಾಮಾನ್ಯ ಮೋಟಾರಿಗೂ ಹಾಗೆಯೇ. ಮೋಟಾರುಮನೆಯಲ್ಲಾದರೋ ಒಂದೇ ಚಾವಣಿಯ ಕೆಳಗೆ ಮೂರು ಮೂಲಗಳು ಕೂಡಿರುತ್ತವೆ: ಎಂಜಿನಿಗೆ ಸೇರಿದ ಬ್ಯಾಟರಿ, ಮನೆಗೆ ಸೇರಿದ ಬ್ಯಾಟರಿ, ತಂಗುದಾಣದಲ್ಲಿ ಕಂಬದಿಂದ ಪಡೆಯುವ ಹೊರಗಿನ ಸರಬರಾಯಿ. ಮೊದಲೆರಡು ೧೨ ವೋಲ್ಟಿನ ಏಕಮುಖ ಪ್ರವಾಹ. ಮೂರನೆಯದು ಅಮೆರಿಕದಲ್ಲಿ ೧೨೦ ವೋಲ್ಟಿನ ಪರ್ಯಾಯ ಪ್ರವಾಹ. ದೋಷಗಳು ಬಹುಮಟ್ಟಿಗೆ ಹುಟ್ಟುವುದು ಈ ಮೂರೂ ಸಂಧಿಸುವ ಸ್ಥಳಗಳಲ್ಲಿ. ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕಳೆದ ನೂರು ವರ್ಷಗಳಲ್ಲಿ ಈ ಮನೆಯ ವಿದ್ಯುತ್ ಉಪಕರಣಗಳು ಹಲವು ಸಲ ಬದಲಾಗಿವೆ. ದೋಷವನ್ನು ಹುಡುಕುವ ತರ್ಕ ಮಾತ್ರ ಬದಲಾಗಿಲ್ಲ. ಬದಲಾದುದು, ಆ ತರ್ಕವನ್ನು ಪ್ರಯೋಗಿಸುವ ಸಾಮರ್ಥ್ಯವು ಯಾರ ಕೈಯಲ್ಲಿರುತ್ತದೆ ಎಂಬುದು.

೨. ಸಮುದ್ರದ ತಂತಿಯಿಂದ ಬಂದ ವಿದ್ಯೆ

ವಿದ್ಯುದ್ದೋಷವನ್ನು ಅಳತೆಯಿಂದ ಪತ್ತೆಮಾಡುವ ವಿದ್ಯೆ ದೃಢವಾಗಿ ಬೆಳೆದುದು ಸಮುದ್ರದ ತಳದಲ್ಲಿ ಹಾಕಿದ ತಂತಿಗಳ ಪ್ರಸಂಗದಲ್ಲಿ. ಅಟ್ಲಾಂಟಿಕ್ ಸಾಗರವನ್ನು ದಾಟಿಸಿ ೧೮೫೮ರಲ್ಲಿ ಹಾಕಿದ ಟೆಲಿಗ್ರಾಫ್ ತಂತಿ ಕೆಲವೇ ವಾರಗಳಲ್ಲಿ ನಿಷ್ಕ್ರಿಯವಾಯಿತು. ಸಂಕೇತಗಳು ಕ್ಷೀಣಿಸಿದಾಗ, ಮೇಲ್ವಿಚಾರಕನಾಗಿದ್ದ ವೈಟ್‌ಹೌಸನು ಅತಿ ಹೆಚ್ಚಿನ ವೋಲ್ಟೇಜನ್ನು ಪ್ರಯೋಗಿಸಿ ಇದ್ದ ದುರ್ಬಲತೆಯನ್ನು ಇನ್ನಷ್ಟು ಹೆಚ್ಚಿಸಿದನು. ರೋಗವನ್ನು ತಿಳಿಯದೆ ಔಷಧವನ್ನು ಹೆಚ್ಚಿಸಿದುದರ ಫಲವಿದು.

ಇದರಿಂದ ಕಲಿತ ಪಾಠ ಸ್ಪಷ್ಟವಾಗಿದ್ದಿತು. ಸಾವಿರಾರು ಮೈಲಿ ಉದ್ದದ, ಕಣ್ಣಿಗೆ ಕಾಣದ ತಂತಿಯಲ್ಲಿ ದೋಷವು ಎಲ್ಲಿದೆ ಎಂಬುದನ್ನು ಒಂದು ತುದಿಯಲ್ಲಿ ಕುಳಿತು ತಿಳಿಯಬೇಕಾದರೆ, ತಂತಿಯ ರೋಧವನ್ನು ಅಳೆದು, ಇಷ್ಟು ರೋಧಕ್ಕೆ ಇಷ್ಟು ದೂರ ಎಂದು ಲೆಕ್ಕ ಹಾಕಬೇಕು. ಹೀಗೆ ಲೆಕ್ಕ ಹಾಕಲು ರೋಧಕ್ಕೆ ಎಲ್ಲರೂ ಒಪ್ಪಿದ ಒಂದು ಮಾನ ಬೇಕು. ಓಮನು ತನ್ನ ನಿಯಮವನ್ನು ೧೮೨೭ರಲ್ಲಿಯೇ ಪ್ರಕಟಿಸಿದ್ದರೂ ಅಂತಹ ಮಾನ ಆಗ ಇರಲಿಲ್ಲ. ೧೮೬೧ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ವಿದ್ಯುನ್ಮಾನಗಳಿಗಾಗಿ ಒಂದು ಸಮಿತಿಯನ್ನು ನೇಮಿಸಿತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ ಅದರ ಪ್ರಮುಖ ಸದಸ್ಯರಲ್ಲಿ ಒಬ್ಬನು. ೧೮೮೧ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನವು ಓಮ್, ವೋಲ್ಟ್, ಆಂಪಿಯರ್ ಮಾನಗಳನ್ನು ಅಂಗೀಕರಿಸಿತು. ಇಂದು ಶಾಲೆಯ ಬಾಲಕನೂ ಬಲ್ಲ ಈ ಮಾನಗಳ ಹಿಂದೆ ಇದ್ದುದು ಶುದ್ಧ ವಿಜ್ಞಾನದ ಕುತೂಹಲ ಮಾತ್ರವಲ್ಲ. ಕೆಟ್ಟ ತಂತಿಯನ್ನು ಸರಿಪಡಿಸಬೇಕೆಂಬ ವ್ಯಾವಹಾರಿಕ ಅಗತ್ಯವೂ ಅಷ್ಟೇ ಬಲವಾಗಿ ಇದ್ದಿತೆಂಬುದನ್ನು ನಾವು ಮರೆಯಬಾರದು.

ಈ ವಿದ್ಯೆಯ ಸಾರವನ್ನು ಎರಡು ಸೂತ್ರಗಳಲ್ಲಿ ಹೇಳಬಹುದು. ಮೊದಲನೆಯದು, ಊಹಿಸಬೇಡ, ಅಳೆ. ಎರಡನೆಯದು, ಮಾರ್ಗವನ್ನು ಭಾಗಿಸು. ಒಳ್ಳೆಯ ಭಾಗವನ್ನು ಬಿಟ್ಟು, ಉಳಿದುದನ್ನು ಮತ್ತೆ ಭಾಗಿಸು. ೧೬ ಜೋಡಣೆಗಳಿರುವ ಒಂದು ಮಾರ್ಗದಲ್ಲಿ ತುದಿಯಿಂದ ಒಂದೊಂದನ್ನೇ ನೋಡುತ್ತ ಹೋದರೆ ೧೫ ಪರೀಕ್ಷೆಗಳು ಬೇಕಾಗಬಹುದು. ಪ್ರತಿಸಲವೂ ನಡುವಿನಲ್ಲಿ ಪರೀಕ್ಷಿಸಿದರೆ ೪ ಪರೀಕ್ಷೆಗಳು ಸಾಕು. ಮುಂದಿನ ಇತಿಹಾಸವೆಲ್ಲವೂ ಈ ಎರಡು ಸೂತ್ರಗಳ ವಿಸ್ತಾರವೆಂದರೆ ತಪ್ಪಾಗಲಾರದು.

೩. ರೈಲುಗಾಡಿಯ ದೀಪ

ಚಲಿಸುವ ಮನೆಯೊಳಗೆ ವಿದ್ಯುದ್ದೀಪವು ಮೊದಲು ಬೆಳಗಿದುದು ಮೋಟಾರಿನಲ್ಲಲ್ಲ, ರೈಲಿನಲ್ಲಿ. ಫ್ರಾನ್ಸಿನ ಪ್ಲಾಂಟೆ ೧೮೫೯ರಲ್ಲಿ ಸೀಸದ ಬ್ಯಾಟರಿಯನ್ನು ನಿರ್ಮಿಸಿದ್ದನು. ೧೮೮೧ರಲ್ಲಿ ಫೋರ್ ಎಂಬಾತನು ಸೀಸದ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಹಚ್ಚುವ ಕ್ರಮವನ್ನು ತಂದು ಅದನ್ನು ವ್ಯವಹಾರಯೋಗ್ಯವಾಗಿ ಮಾಡಿದನು. ಅದೇ ವರ್ಷದ ಕೊನೆಯಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ಹೋಗುವ ರೈಲಿನ ಒಂದು ಪುಲ್‌ಮನ್ ಗಾಡಿಯಲ್ಲಿ ಈ ಬ್ಯಾಟರಿಗಳಿಂದ ದೀಪಗಳನ್ನು ಉರಿಸಲಾಯಿತು. ಬ್ಯಾಟರಿಯನ್ನು ನಿಲ್ದಾಣದಲ್ಲಿ ತುಂಬಿಸಿ, ದಾರಿಯಲ್ಲಿ ಬರಿದುಮಾಡುವುದು ಆಗಿನ ಪದ್ಧತಿ. ಮುಂದೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಗಾಡಿಯ ಅಚ್ಚಿನಿಂದ ಪಟ್ಟಿಯ ಮೂಲಕ ತಿರುಗುವ ಡೈನಮೊ ಬಳಕೆಗೆ ಬಂದಿತು. ಗಾಡಿ ಓಡುವಾಗ ಡೈನಮೊ ದೀಪಗಳಿಗೆ ವಿದ್ಯುತ್ತನ್ನು ಕೊಟ್ಟು ಬ್ಯಾಟರಿಯನ್ನೂ ತುಂಬಿಸುತ್ತಿದ್ದಿತು. ನಿಂತಾಗ ಬ್ಯಾಟರಿಯೇ ದೀಪಗಳನ್ನು ನಡೆಸಬೇಕಾಗುತ್ತಿದ್ದಿತು.

ನಮ್ಮ ದೇಶದ ರೈಲುಗಾಡಿಗಳಲ್ಲಿಯೂ ಈ ವ್ಯವಸ್ಥೆ ಬಹುಕಾಲ ನಡೆಯಿತು. ಗಾಡಿ ನಿಲ್ದಾಣದಲ್ಲಿ ಹೆಚ್ಚು ಹೊತ್ತು ನಿಂತಾಗ ದೀಪಗಳು ಕೆಂಪಾಗಿ ಮಂಕಾಗುತ್ತಿದ್ದುದನ್ನೂ, ಓಡತೊಡಗಿದ ಮೇಲೆ ಮತ್ತೆ ಬೆಳ್ಳಗಾಗುತ್ತಿದ್ದುದನ್ನೂ ಹಿಂದಿನ ತಲೆಮಾರಿನ ಪ್ರಯಾಣಿಕರೆಲ್ಲರೂ ಕಂಡಿದ್ದರು. ಈ ನೋಟದಲ್ಲಿಯೇ ದೋಷಶೋಧನೆಯ ಒಂದು ಪಾಠ ಅಡಗಿದ್ದಿತು. ಓಡುವಾಗಲೂ ದೀಪ ಮಂಕಾಗಿದ್ದರೆ ದೋಷವು ಡೈನಮೊ ಅಥವಾ ಪಟ್ಟಿಯ ಕಡೆಯದು; ಓಡುವಾಗ ಚೆನ್ನಾಗಿದ್ದು ನಿಂತೊಡನೆ ಮಂಕಾದರೆ ಬ್ಯಾಟರಿಯ ಕಡೆಯದು; ಒಂದೇ ದೀಪ ಮಂಕಾಗಿದ್ದರೆ ಆ ದೀಪದ ಜೋಡಣೆಯದು. ಯಾವ ಮೀಟರನ್ನೂ ಕೈಗೆ ತೆಗೆದುಕೊಳ್ಳುವ ಮೊದಲೇ, ಯಾವ ಸ್ಥಿತಿಯಲ್ಲಿ ದೋಷವು ಕಾಣುತ್ತದೆ, ಯಾವ ಸ್ಥಿತಿಯಲ್ಲಿ ಮರೆಯಾಗುತ್ತದೆ ಎಂಬುದನ್ನು ಗಮನಿಸಿ ಮಾರ್ಗವನ್ನು ಭಾಗಿಸುವ ಕ್ರಮವಿದು. ಮೋಟಾರುಮನೆಯವರು ಇಂದಿಗೂ ಕೇಳುವ ಮೊದಲ ಪ್ರಶ್ನೆ ಇದೇ: ಎಂಜಿನು ನಡೆಯುತ್ತಿರುವಾಗ ಹೇಗಿದೆ, ನಿಂತಾಗ ಹೇಗಿದೆ, ಕಂಬಕ್ಕೆ ಸೇರಿಸಿದಾಗ ಹೇಗಿದೆ?

೪. ಹನ್ನೆರಡು ವೋಲ್ಟಿನ ಸಮಸ್ಯೆ

ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿ ೧೯೧೦ರಲ್ಲಿ ಪ್ರದರ್ಶಿಸಿದ ‘ಟೂರಿಂಗ್ ಲ್ಯಾಂಡೊ’ ಎಂಬ ಮೋಟಾರಿನಲ್ಲಿ ಹಾಸಿಗೆಯಾಗುವ ಆಸನವೂ, ಮುಖ ತೊಳೆಯುವ ತೊಟ್ಟಿಯೂ, ಚಾಲಕನೊಡನೆ ಮಾತನಾಡಲು ಟೆಲಿಫೋನೂ ಇದ್ದುವು. ೧೯೧೨ರ ಕ್ಯಾಡಿಲಾಕ್ ಮೋಟಾರುಗಳಲ್ಲಿ ಕೆಟರಿಂಗನು ರೂಪಿಸಿದ ವಿದ್ಯುತ್ ಸ್ಟಾರ್ಟರ್ ಮತ್ತು ದೀಪಗಳ ವ್ಯವಸ್ಥೆ ಬಂದಿತು. ಅಲ್ಲಿಂದ ಮುಂದೆ ಡೈನಮೊ ಮತ್ತು ಬ್ಯಾಟರಿ ಮೋಟಾರಿನ ಅನಿವಾರ್ಯ ಅಂಗಗಳಾದುವು. ತಂತಿಯ ಖರ್ಚನ್ನು ಉಳಿಸಲು, ಪ್ರವಾಹವು ಹೋಗುವುದಕ್ಕೆ ಮಾತ್ರ ತಂತಿಯನ್ನಿಟ್ಟು, ಹಿಂದಿರುಗುವುದಕ್ಕೆ ವಾಹನದ ಉಕ್ಕಿನ ಚೌಕಟ್ಟನ್ನೇ ಮಾರ್ಗವಾಗಿ ಮಾಡಿದರು. ಮೊದಲು ೬ ವೋಲ್ಟ್ ಇದ್ದ ಬ್ಯಾಟರಿ ೧೯೫೦ರ ದಶಕದ ನಡುವೆ ಅಮೆರಿಕದ ಮೋಟಾರುಗಳಲ್ಲಿ ೧೨ ವೋಲ್ಟಿಗೆ ಏರಿತು.

ಈ ಎರಡು ನಿರ್ಣಯಗಳು, ಎಂದರೆ ಕಡಿಮೆ ವೋಲ್ಟೇಜು ಮತ್ತು ಚೌಕಟ್ಟಿನ ಮೂಲಕ ಹಿಂದಿರುಗುವ ಮಾರ್ಗ, ಮುಂದಿನ ಬಹುತೇಕ ದೋಷಗಳ ಸ್ವರೂಪವನ್ನು ನಿರ್ಧರಿಸಿದುವು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ತುಕ್ಕು ಹಿಡಿದ ಒಂದು ಜೋಡಣೆಯ ರೋಧ ಓಮಿನ ಹತ್ತನೆಯ ಒಂದು ಭಾಗ ಎಂದು ಇಟ್ಟುಕೊಳ್ಳೋಣ. ೧೨೦ ವಾಟಿನ ಉಪಕರಣವು ೧೨೦ ವೋಲ್ಟಿನಲ್ಲಿ ೧ ಆಂಪಿಯರ್ ಎಳೆಯುತ್ತದೆ. ಜೋಡಣೆಯಲ್ಲಿ ನಷ್ಟವಾಗುವುದು ವೋಲ್ಟಿನ ಹತ್ತನೆಯ ಒಂದು ಭಾಗ, ಹುಟ್ಟುವ ಶಾಖ ವಾಟಿನ ಹತ್ತನೆಯ ಒಂದು ಭಾಗ. ಅದೇ ವಾಟಿನ ಉಪಕರಣವು ೧೨ ವೋಲ್ಟಿನದಾಗಿದ್ದರೆ ಎಳೆಯುವುದು ೧೦ ಆಂಪಿಯರ್. ಅದೇ ಜೋಡಣೆಯಲ್ಲಿ ನಷ್ಟವಾಗುವುದು ೧ ವೋಲ್ಟ್, ಹುಟ್ಟುವ ಶಾಖ ೧೦ ವಾಟ್. ಶಾಖವು ನೂರು ಪಾಲು ಹೆಚ್ಚಾಯಿತು. ೧೨ ವೋಲ್ಟಿನ ತಂತಿ ಮುಟ್ಟಿದರೆ ಅಪಾಯವಿಲ್ಲವೆಂಬುದು ಸಾಮಾನ್ಯವಾಗಿ ನಿಜ. ಅದರಿಂದ ಬೆಂಕಿಯ ಅಪಾಯವಿಲ್ಲವೆಂದು ತಿಳಿಯುವುದು ಮಾತ್ರ ಅನರ್ಥಕ್ಕೆ ದಾರಿ. ಮರ, ಅಲ್ಯುಮಿನಿಯಂ, ಫೈಬರ್‌ಗಾಜುಗಳಿಂದ ಕಟ್ಟಿದ ಮನೆಯ ಭಾಗವು ಉಕ್ಕಿನ ಚೌಕಟ್ಟಿನ ಮೇಲೆ ಕುಳಿತಿರುವುದರಿಂದ, ಹಿಂದಿರುಗುವ ಮಾರ್ಗವು ಕೆಲವೇ ಬೋಲ್ಟುಗಳನ್ನು ಅವಲಂಬಿಸಿರುತ್ತದೆ. ಮಳೆ, ರಸ್ತೆಯ ಉಪ್ಪು, ಅಲುಗಾಟಗಳಿಂದ ಈ ಬೋಲ್ಟುಗಳೇ ಮೊದಲು ಸಡಿಲವಾಗುತ್ತವೆ. ಬೆಲೆಬಾಳುವ ಪಂಪು ಕೆಟ್ಟಿತೆಂದು ಬದಲಾಯಿಸಿದ ಮೇಲೆ ದೋಷವು ಒಂದು ತುಕ್ಕು ಹಿಡಿದ ಬೋಲ್ಟಿನದೆಂದು ತಿಳಿಯುವುದು ಈ ಕ್ಷೇತ್ರದಲ್ಲಿ ಸಾಮಾನ್ಯ ಅನುಭವ.

ಇಂತಹ ದೋಷವನ್ನು ಹುಡುಕುವ ಉಪಕರಣಗಳ ಇತಿಹಾಸವೂ ಗಮನಾರ್ಹವಾದುದು. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರನಾಗಿದ್ದ ಡೊನಾಲ್ಡ್ ಮೆಕಾಡಿ, ಟೆಲಿಗ್ರಾಫ್ ಮತ್ತು ಟೆಲಿಫೋನ್ ಮಾರ್ಗಗಳ ಪರೀಕ್ಷೆಗೆ ಹಲವು ಮೀಟರುಗಳನ್ನು ಹೊತ್ತು ತಿರುಗುವುದರಿಂದ ಬೇಸತ್ತು, ಮೂರು ಮಾನಗಳನ್ನೂ ಅಳೆಯುವ ಒಂದೇ ಮೀಟರನ್ನು ರಚಿಸಿದನು. ಅದು ೧೯೨೩ರಲ್ಲಿ ಮಾರುಕಟ್ಟೆಗೆ ಬಂದಿತು. ಆಂಪಿಯರ್, ವೋಲ್ಟ್, ಓಮ್ ಎಂಬ ಮೂರು ಮಾತುಗಳ ಮೊದಲ ಅಕ್ಷರಗಳಿಂದ ಅದಕ್ಕೆ ‘ಏವೊ’ ಎಂದು ಹೆಸರಾಯಿತು. ನಮ್ಮ ಕಾಲೇಜುಗಳ ಭೌತವಿಜ್ಞಾನದ ಪ್ರಯೋಗಶಾಲೆಗಳಲ್ಲಿಯೂ ಈ ಮೀಟರು ಚಿರಪರಿಚಿತವಾಗಿದ್ದಿತು. ಸಮುದ್ರತಂತಿಯ ವಿದ್ಯೆಯು ಅಂಚೆ ಇಲಾಖೆಯ ಮೂಲಕ ಹಾದು ಸಾಮಾನ್ಯ ರಿಪೇರಿಗಾರನ ಕೈಗೆ ಬಂದುದನ್ನು ಇಲ್ಲಿ ಕಾಣಬಹುದು.

೧೯೭೦ರ ದಶಕದ ಕೊನೆಯಿಂದ ಅಂಕಿಗಳನ್ನು ತೋರಿಸುವ ಚಿಕ್ಕ ಮೀಟರುಗಳು ಬಳಕೆಗೆ ಬಂದುವು. ಇವುಗಳ ಒಳರೋಧ ಸಾಮಾನ್ಯವಾಗಿ ೧ ಕೋಟಿ ಓಮ್. ಆದುದರಿಂದ ೧೨ ವೋಲ್ಟನ್ನು ಅಳೆಯುವಾಗ ಅವು ಎಳೆಯುವ ಪ್ರವಾಹ ಆಂಪಿಯರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಒಂದು ಜೋಡಣೆಯು ೧೦೦೦ ಓಮಿನಷ್ಟು ಕೆಟ್ಟಿದ್ದರೂ ಮೀಟರು ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ. ಹಳೆಯ ಮೆಕ್ಯಾನಿಕನ ೫ ವಾಟಿನ ಪರೀಕ್ಷಾದೀಪವಾದರೋ ಉರಿಯಬೇಕಾದರೆ ಸುಮಾರು ೦.೪ ಆಂಪಿಯರನ್ನು ಎಳೆಯಬೇಕು; ಕೆಟ್ಟ ಜೋಡಣೆಯ ಮೂಲಕ ಅಷ್ಟು ಬಾರದೆ ದೀಪವು ಹೊತ್ತುವುದಿಲ್ಲ. ಹೆಚ್ಚು ಸೂಕ್ಷ್ಮವಾದ ಉಪಕರಣವು ಮುಚ್ಚಿಟ್ಟ ಸತ್ಯವನ್ನು ಒರಟು ಉಪಕರಣವು ಹೊರಗೆಡಹುತ್ತದೆ. ಇದರಿಂದ ಮೇಲೆ ಹೇಳಿದ ಎರಡು ಸೂತ್ರಗಳಿಗೆ ಮೂರನೆಯದೊಂದು ಸೇರಿತು: ಮಾರ್ಗವು ಕೆಲಸ ಮಾಡುತ್ತಿರುವಾಗಲೇ ಅದನ್ನು ಅಳೆ. ಭಾರವಿಲ್ಲದ ಸೇತುವೆಯನ್ನು ನೋಡಿ ಅದರ ಬಲವನ್ನು ನಿರ್ಣಯಿಸಲಾಗದು.

೫. ಎರಡು ಬ್ಯಾಟರಿಗಳ ಸಂಸಾರ

ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ಪ್ರವಾಸದ ಟ್ರೇಲರುಗಳೂ ಮೋಟಾರುಮನೆಗಳೂ ಶೀಘ್ರವಾಗಿ ಹೆಚ್ಚಿದುವು. ಏರ್‌ಸ್ಟ್ರೀಮ್ ಟ್ರೇಲರುಗಳ ನಿರ್ಮಾಪಕನಾದ ವಾಲಿ ಬಯಮ್, ಹೊರಗಿನ ನೀರು, ವಿದ್ಯುತ್ತುಗಳ ಸಂಪರ್ಕವಿಲ್ಲದೆಯೇ ಬಾಳಬಹುದಾದ ಸ್ವಯಂಪೂರ್ಣ ಮನೆಯ ಆದರ್ಶವನ್ನು ಮುಂದಿಟ್ಟನು. ೧೯೫೯ರಲ್ಲಿ ಹೊರಟ ಅವನ ತಂಡವು ಕೇಪ್‌ಟೌನಿನಿಂದ ಕೈರೊವರೆಗೆ ಇಂತಹ ಟ್ರೇಲರುಗಳನ್ನು ಎಳೆದುಕೊಂಡು ಹೋಯಿತು. ೧೯೬೧ರಲ್ಲಿ ಮಿಷಿಗನ್ನಿನ ರೇ ಫ್ರ್ಯಾಂಕ್ ಮೋಟಾರುಮನೆಗಳ ತಯಾರಿಕೆಯನ್ನು ಆರಂಭಿಸಿದನು. ಅಯೋವದ ಫಾರೆಸ್ಟ್ ಸಿಟಿಯ ವಿನ್ನೆಬಾಗೊ ಸಂಸ್ಥೆಯು ೧೯೬೬ರಿಂದ ಅವುಗಳನ್ನು ಕಾರ್ಖಾನೆಯ ಸಾಲಿನಲ್ಲಿ ತಯಾರಿಸಿ ಸಾಮಾನ್ಯ ಕುಟುಂಬಗಳಿಗೆ ಎಟಕುವಂತೆ ಮಾಡಿತು.

ಸ್ವಯಂಪೂರ್ಣತೆಯ ಆದರ್ಶವು ಒಂದು ವಿರೋಧವನ್ನು ತಂದಿತು. ರಾತ್ರಿ ದೀಪ, ಪಂಪು, ಬೀಸಣಿಗೆಗಳು ಬ್ಯಾಟರಿಯನ್ನು ಬರಿದುಮಾಡಿದರೆ ಬೆಳಗ್ಗೆ ಎಂಜಿನು ಹೊರಡುವುದಿಲ್ಲ. ಇದಕ್ಕೆ ಕಂಡುಕೊಂಡ ಪರಿಹಾರ, ಎಂಜಿನಿಗೆ ಒಂದು, ಮನೆಗೆ ಒಂದು ಎಂದು ಎರಡು ಬ್ಯಾಟರಿಗಳನ್ನು ಇಡುವುದು. ಆದರೆ ತುಂಬಿಸುವ ಯಂತ್ರ ಒಂದೇ. ಓಡುವಾಗ ಎರಡೂ ಒಂದಾಗಬೇಕು, ನಿಂತಾಗ ಬೇರೆಯಾಗಬೇಕು. ಈ ಕೂಡಿಸುವ, ಅಗಲಿಸುವ ಕೆಲಸವನ್ನು ಕೆಲವರು ರಿಲೇಗೆ ಒಪ್ಪಿಸಿದರು, ಕೆಲವರು ಡಯೋಡುಗಳಿಗೆ ಒಪ್ಪಿಸಿದರು.

ಎರಡೂ ತಮ್ಮದೇ ದೋಷಗಳನ್ನು ತಂದುವು. ರಿಲೇಯ ಸಂಪರ್ಕಗಳು ಕಿಡಿಯಿಂದ ಸುಟ್ಟು ಒರಟಾಗುತ್ತವೆ, ಕೆಲವೊಮ್ಮೆ ಬೆಸೆದುಕೊಂಡುಬಿಡುತ್ತವೆ. ಬೆಸೆದುಕೊಂಡರೆ ಎರಡು ಬ್ಯಾಟರಿಗಳು ಸದಾ ಒಂದೇ ಆಗಿ, ಹಳೆಯ ಕಷ್ಟವೇ ಮರಳುತ್ತದೆ. ಸಿಲಿಕಾನ್ ಡಯೋಡು ಸುಡುವುದಿಲ್ಲ, ಚಲಿಸುವ ಭಾಗವೂ ಅದಕ್ಕಿಲ್ಲ. ಆದರೆ ಅದನ್ನು ದಾಟುವಾಗ ಸುಮಾರು ೦.೭ ವೋಲ್ಟ್ ಕಳೆದುಹೋಗುತ್ತದೆ. ತುಂಬಿಸುವ ಯಂತ್ರ ೧೪.೨ ವೋಲ್ಟ್ ಕೊಟ್ಟರೆ ಬ್ಯಾಟರಿಗೆ ತಲಪುವುದು ೧೩.೫. ಸೀಸದ ಬ್ಯಾಟರಿಗೆ ಇದು ಸಾಲದು. ಎಂದೂ ಪೂರ್ಣವಾಗಿ ತುಂಬದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟಿನ ಗಟ್ಟಿ ಹರಳುಗಳು ಬೆಳೆದು, ಅದರ ಶಕ್ತಿ ತಿಂಗಳು ತಿಂಗಳಿಗೂ ಕುಗ್ಗುತ್ತದೆ. ಇಲ್ಲಿ ಬ್ಯಾಟರಿ ಕೆಟ್ಟಿತೆಂದು ಹೊಸದನ್ನು ತಂದಿಟ್ಟರೆ ಅದೂ ಅದೇ ಗತಿಯನ್ನು ಹೊಂದುತ್ತದೆ. ಇದಕ್ಕೆ ವಿರುದ್ಧವಾದ ದೋಷವೂ ಉಂಟು: ಕಂಬದ ೧೨೦ ವೋಲ್ಟನ್ನು ೧೨ ವೋಲ್ಟಿಗೆ ಇಳಿಸುವ ಹಳೆಯ ಪರಿವರ್ತಕಗಳು ಬ್ಯಾಟರಿ ತುಂಬಿದ ಮೇಲೂ ತುಂಬಿಸುತ್ತಲೇ ಹೋಗಿ, ಒಳಗಿನ ನೀರನ್ನು ಆರಿಸಿಬಿಡುತ್ತಿದ್ದುವು. ಸತ್ತ ಬ್ಯಾಟರಿ ಒಂದೇ. ಕೊಂದ ಕಾರಣಗಳು ಎರಡು. ಆದುದರಿಂದ ಬ್ಯಾಟರಿಯ ಸ್ಥಿತಿಯನ್ನು ಮಾತ್ರವಲ್ಲ, ಅದರ ಚರಿತ್ರೆಯನ್ನೂ ಕೇಳಬೇಕಾಯಿತು. ವಿಶ್ರಾಂತಿಯಲ್ಲಿರುವಾಗ ೧೨.೬ ವೋಲ್ಟಿಗಿಂತ ತುಸು ಮೇಲಿದ್ದರೆ ಪೂರ್ಣ, ೧೨.೨ರ ಆಸುಪಾಸಿನಲ್ಲಿದ್ದರೆ ಅರ್ಧ ಎಂಬ ಲೆಕ್ಕ ಆ ಚರಿತ್ರೆಯ ಒಂದು ಸಾಲು ಮಾತ್ರ.

೬. ಕಂಬದ ವಿದ್ಯುತ್ತು ಮತ್ತು ಪ್ರಾಣಭಯ

ಇಲ್ಲಿಯವರೆಗೆ ಹೇಳಿದ ದೋಷಗಳು ಬಹುಮಟ್ಟಿಗೆ ಅನಾನುಕೂಲವನ್ನು ಉಂಟುಮಾಡುವಂತಹವು. ತಂಗುದಾಣದ ಕಂಬದಿಂದ ಬರುವ ೧೨೦ ವೋಲ್ಟಿನಲ್ಲಿ ದೋಷವು ಪ್ರಾಣಾಪಾಯಕ್ಕೆ ತಿರುಗುತ್ತದೆ. ನೆಲದ ಮೇಲಿನ ಮನೆಗೂ ಗಾಲಿಗಳ ಮೇಲಿನ ಮನೆಗೂ ಇರುವ ಒಂದು ವ್ಯತ್ಯಾಸವೇ ಇದಕ್ಕೆ ಕಾರಣ. ಮೋಟಾರುಮನೆ ರಬ್ಬರಿನ ಗಾಲಿಗಳ ಮೇಲೆ ನಿಂತಿರುವುದರಿಂದ ಅದರ ಲೋಹದ ಮೈಗೆ ಭೂಮಿಯ ಸಂಪರ್ಕವಿಲ್ಲ. ಕಂಬದಿಂದ ಬರುವ ಅರ್ತ್ ತಂತಿಯೊಂದೇ ಅದಕ್ಕೆ ಭೂಸಂಪರ್ಕ. ಆ ತಂತಿಯು ಕಂಬದಲ್ಲಿಯೋ, ನಡುವಿನ ಜೋಡುತಂತಿಯಲ್ಲಿಯೋ ಕಡಿದಿದ್ದು, ಮನೆಯೊಳಗಿನ ಒಂದು ಹೀಟರಿನಿಂದ ಸ್ವಲ್ಪ ಪ್ರವಾಹವು ಸೋರಿದರೂ ಇಡೀ ವಾಹನದ ಮೈ ವಿದ್ಯುತ್ತಿನಿಂದ ತುಂಬುತ್ತದೆ. ಒಳಗಿರುವವನಿಗೆ ಏನೂ ತಿಳಿಯುವುದಿಲ್ಲ. ದೀಪಗಳೆಲ್ಲವೂ ಸರಿಯಾಗಿಯೇ ಉರಿಯುತ್ತವೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಬಾಗಿಲಿನ ಹಿಡಿಯನ್ನು ಮುಟ್ಟುವವನ ಶರೀರವೇ ಕಡಿದ ತಂತಿಯ ಸ್ಥಾನವನ್ನು ತುಂಬುತ್ತದೆ.

ಈ ಅಪಾಯವನ್ನು ತಡೆಯುವ ಉಪಾಯಕ್ಕೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್ಜಿಯಲ್‌ರ ಸಂಶೋಧನೆ ಮುಖ್ಯ ಆಧಾರ. ಎಷ್ಟು ಪ್ರವಾಹದಲ್ಲಿ ಮನುಷ್ಯನು ಹಿಡಿದ ವಸ್ತುವನ್ನು ಬಿಡಲಾರದೆ ಹೋಗುತ್ತಾನೆ ಎಂಬುದನ್ನು ಅವರು ಪ್ರಯೋಗಗಳಿಂದ ಅಳೆದರು. ೧೯೬೧ರಲ್ಲಿ, ಹೋಗುವ ಮತ್ತು ಹಿಂದಿರುಗುವ ಪ್ರವಾಹಗಳನ್ನು ತೂಗಿ ನೋಡಿ, ವ್ಯತ್ಯಾಸ ಕಂಡೊಡನೆ ಸರಬರಾಯಿಯನ್ನು ಕಡಿಯುವ ಉಪಕರಣವನ್ನು ರೂಪಿಸಿದರು. ಇಂದು ಅಮೆರಿಕದಲ್ಲಿ ಅಂತಹ ಉಪಕರಣವು ೪ರಿಂದ ೬ ಮಿಲಿಆಂಪಿಯರಿನಷ್ಟು ಸೋರಿಕೆಗೇ ಕೆಲಸ ಮಾಡುತ್ತದೆ. ಆ ದೇಶದ ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲಿ ಮನರಂಜನಾ ವಾಹನಗಳಿಗಾಗಿ ೫೫೧ನೆಯ ಪ್ರಕರಣವನ್ನು ಮೀಸಲಿಟ್ಟಿದ್ದಾರೆ. ನ್ಯೂಟ್ರಲ್ ತಂತಿಯನ್ನೂ ಅರ್ತ್ ತಂತಿಯನ್ನೂ ವಾಹನದೊಳಗೆ ಸೇರಿಸದೆ ಬೇರೆಬೇರೆಯಾಗಿಯೇ ಇಡಬೇಕೆಂಬುದು ಇಂತಹ ವಾಹನಗಳ ಮುಖ್ಯ ನಿಯಮ. ಸೇರಿಸಿದರೆ ನ್ಯೂಟ್ರಲಿನ ದೋಷವೆಲ್ಲವೂ ವಾಹನದ ಮೈಗೆ ಬರುತ್ತದೆ.

ದೊಡ್ಡ ವಾಹನಗಳ ೫೦ ಆಂಪಿಯರಿನ ಸಂಪರ್ಕದಲ್ಲಿ ಇನ್ನೊಂದು ಬಗೆಯ ದೋಷವುಂಟು. ಅಲ್ಲಿ ೧೨೦ ವೋಲ್ಟಿನ ಎರಡು ಸಾಲುಗಳು ಒಂದೇ ನ್ಯೂಟ್ರಲನ್ನು ಹಂಚಿಕೊಳ್ಳುತ್ತವೆ. ಸಾಲುಗಳ ನಡುವೆ ೨೪೦ ವೋಲ್ಟ್ ಇರುತ್ತದೆ. ಒಂದು ಸಾಲಿನಲ್ಲಿ ೧೨೦೦ ವಾಟಿನ, ಇನ್ನೊಂದರಲ್ಲಿ ೬೦೦ ವಾಟಿನ ಉಪಕರಣವಿದೆಯೆಂದು ಭಾವಿಸೋಣ. ಅವುಗಳ ರೋಧ ಕ್ರಮವಾಗಿ ೧೨ ಮತ್ತು ೨೪ ಓಮ್. ನ್ಯೂಟ್ರಲ್ ಕಡಿದರೆ ಎರಡೂ ಒಂದೇ ಸರಪಣಿಯಾಗಿ ೨೪೦ ವೋಲ್ಟನ್ನು ರೋಧದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ: ಮೊದಲನೆಯದಕ್ಕೆ ೮೦, ಎರಡನೆಯದಕ್ಕೆ ೧೬೦. ಕೆಲವು ದೀಪಗಳು ಮಂಕಾಗಿ, ಅದೇ ಕ್ಷಣದಲ್ಲಿ ಕೆಲವು ವಿಪರೀತವಾಗಿ ಬೆಳಗುವುದು ಈ ದೋಷದ ಲಕ್ಷಣ. ರೈಲುಗಾಡಿಯ ಮಂಕುದೀಪದ ಅರ್ಥವೇ ಬೇರೆ, ಇದರ ಅರ್ಥವೇ ಬೇರೆ. ಇಲ್ಲಿ ಮೀಟರನ್ನು ಹುಡುಕುವುದಕ್ಕೆ ಮೊದಲು ಕಂಬದ ಸ್ವಿಚ್ಚನ್ನು ಆರಿಸಬೇಕು. ಅನುಭವಿಗಳು ವಾಹನವನ್ನು ಸೇರಿಸುವ ಮೊದಲೇ ಕಂಬವನ್ನು ಪರೀಕ್ಷಿಸುವ ಪದ್ಧತಿ ಬೆಳೆದುದು ಇಂತಹ ಕಹಿ ಅನುಭವಗಳಿಂದಲೇ.

೭. ಸಂದೇಶವಾಹಕ ತಂತಿ

ಕಳೆದ ಕೆಲವು ದಶಕಗಳಲ್ಲಿ ಆದ ಬದಲಾವಣೆಯು ಹಿಂದಿನವುಗಳಿಗಿಂತ ಆಳವಾದುದು. ೧೯೮೬ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು, ವಾಹನದ ಹಲವು ನಿಯಂತ್ರಕಗಳು ಒಂದೇ ಜೋಡಿ ತಂತಿಯ ಮೇಲೆ ಪರಸ್ಪರ ಸಂದೇಶ ಕಳುಹಿಸುವ ಕ್ರಮವನ್ನು ಪ್ರಕಟಿಸಿತು. ಇದಕ್ಕೆ ‘ಕ್ಯಾನ್’ ಎಂದು ಹೆಸರು. ಇದನ್ನು ಆಧರಿಸಿ ಅಮೆರಿಕದ ಮೋಟಾರುಮನೆಗಳಿಗಾಗಿ ‘ಆರ್‌ವಿ-ಸಿ’ ಎಂಬ ಬಹಿರಂಗ ಸಂಕೇತಕ್ರಮವೂ ರೂಪುಗೊಂಡಿತು. ಇಂತಹ ಮನೆಯಲ್ಲಿ ಗೋಡೆಯ ಸ್ವಿಚ್ಚಿನ ಮೂಲಕ ದೀಪದ ಪ್ರವಾಹವು ಹರಿಯುವುದೇ ಇಲ್ಲ. ದೀಪ ಬೇಕೆಂಬ ಸಂದೇಶ ಮಾತ್ರ ಅಲ್ಲಿಂದ ಹೊರಡುತ್ತದೆ. ಬೇರೆಲ್ಲಿಯೋ ಇರುವ ನಿಯಂತ್ರಕವು ಅದನ್ನು ಓದಿ ಪ್ರವಾಹವನ್ನು ಬಿಡುತ್ತದೆ. ಪರೀಕ್ಷಾದೀಪವನ್ನು ಸ್ವಿಚ್ಚಿಗೆ ಹಿಡಿದರೆ ಯಾವ ಅರ್ಥವೂ ಹೊರಡುವುದಿಲ್ಲ. ಸಂದೇಶದ ತಂತಿಗೆ ಹಿಡಿದರೆ ಹಾನಿಯೂ ಆದೀತು.

ಬ್ಯಾಟರಿಯ ವಿಷಯದಲ್ಲಿಯೂ ಹೀಗೆಯೇ. ೧೯೯೦ರ ದಶಕದ ಉತ್ತರಾರ್ಧದಲ್ಲಿ ಗುಡೆನಫ್ ಮತ್ತು ಅವರ ಸಹೋದ್ಯೋಗಿಗಳು ಮುಂದಿಟ್ಟ ಲಿಥಿಯಂ ಕಬ್ಬಿಣ ಫಾಸ್ಫೇಟ್ ಈಗ ಸೀಸದ ಸ್ಥಾನವನ್ನು ಆಕ್ರಮಿಸುತ್ತಿದೆ. ಅದರ ಒಳರೋಧ ಅತ್ಯಲ್ಪವಾದುದರಿಂದ ಬರಿದಾದ ಬ್ಯಾಟರಿಯು ಎಂಜಿನಿನ ಆಲ್ಟರ್ನೇಟರಿನಿಂದ ವಿಪರೀತ ಪ್ರವಾಹವನ್ನು ಎಳೆದು ಅದನ್ನು ಕಾಯಿಸುತ್ತದೆ. ಬ್ಯಾಟರಿಯೊಳಗಿನ ರಕ್ಷಣಾ ಮಂಡಲವು ಹಠಾತ್ತಾಗಿ ಸಂಪರ್ಕವನ್ನು ಕಡಿದರೆ ಆಲ್ಟರ್ನೇಟರಿನ ಡಯೋಡುಗಳಿಗೆ ಧಕ್ಕೆ ತಗಲಬಹುದು. ಆದುದರಿಂದ ನಡುವೆ ಪ್ರವಾಹವನ್ನು ಮಿತಿಯಲ್ಲಿಡುವ ಮತ್ತೊಂದು ಚಾರ್ಜರನ್ನು ಇಡಬೇಕಾಯಿತು. ಸೀಸದ ಬ್ಯಾಟರಿಯ ವೋಲ್ಟೇಜನ್ನು ನೋಡಿ ಅದು ಅರ್ಧ ತುಂಬಿದೆಯೇ ಎಂದು ಹೇಳಬಹುದಾಗಿದ್ದಿತು. ಇದರ ವೋಲ್ಟೇಜು ಬಹುಪಾಲು ಒಂದೇ ಮಟ್ಟದಲ್ಲಿರುವುದರಿಂದ ಹಾಗೆ ಹೇಳುವುದು ಸಾಧ್ಯವ���ಲ್ಲ. ಒಳಹೋದ, ಹೊರಬಂದ ಪ್ರವಾಹದ ಲೆಕ್ಕವನ್ನೇ ಇಡಬೇಕು.

ಹಾಗಾದರೆ ಹಳೆಯ ವಿದ್ಯೆ ನಿರರ್ಥಕವಾಯಿತೇ? ನಮಗೆ ಹಾಗೆ ತೋರುವುದಿಲ್ಲ. ದೀಪವು ಹೊತ್ತದಿದ್ದರೆ ಇಂದಿನ ಪರಿಣತನು ಕೇಳುವುದು ಇದನ್ನೇ: ಸಂದೇಶ ಹೊರಟಿತೇ, ತಲಪಿತೇ, ನಿಯಂತ್ರಕವು ಪ್ರವಾಹವನ್ನು ಬಿಟ್ಟಿತೇ, ಪ್ರವಾಹವು ದೀಪವನ್ನು ಮುಟ್ಟಿತೇ? ಇದು ಮಾರ್ಗವನ್ನು ಭಾಗಿಸುವ ಅದೇ ಕ್ರಮ. ಮೇಲಾಗಿ, ನಿಯಂತ್ರಕವೂ ಕೊನೆಗೆ ಒಂದು ಬೋಲ್ಟಿನ ಮೂಲಕ ಚೌಕಟ್ಟಿಗೆ ಸೇರಿರುತ್ತದೆ. ಆ ಬೋಲ್ಟು ತುಕ್ಕು ಹಿಡಿದರೆ ನಿಯಂತ್ರಕವು ಅರೆಬರೆ ವೋಲ್ಟೇಜಿನಲ್ಲಿ ಅಸಂಬದ್ಧವಾದ ಸಂದೇಶಗಳನ್ನು ಕಳುಹಿಸುತ್ತದೆ. ಆಗ ಕಂಪ್ಯೂಟರಿನ ಪರದೆಯ ಮೇಲೆ ಹತ್ತು ದೋಷಗಳು ಕಂಡರೂ ನಿಜವಾದ ದೋಷ ಒಂದೇ, ಅದೂ ೧೯೧೨ರಷ್ಟು ಹಳೆಯದು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಪ್ರತಿಯೊಂದು ಪರಿಹಾರವೂ ತನ್ನದೇ ಆದ ಹೊಸ ದೋಷವನ್ನು ತಂದಿತು. ಬರಿದಾಗುವ ಬ್ಯಾಟರಿಗೆ ಎರಡನೆಯ ಬ್ಯಾಟರಿ, ಅದಕ್ಕೆ ರಿಲೇ, ರಿಲೇಗೆ ಬದಲು ಡಯೋಡು, ಡಯೋಡಿನ ಕೊರತೆಗೆ ಚಾರ್ಜರು ಹೀಗೆ ಸರಪಣಿಯು ಬೆಳೆದಿದೆ. ಆದುದರಿಂದ ಇಂದಿನ ವಾಹನದ ದೋಷವನ್ನು ಅರಿಯಬೇಕಾದವನು, ಅದರ ಒಂದೊಂದು ಅಂಗವೂ ಹಿಂದಿನ ಯಾವ ಕಷ್ಟಕ್ಕೆ ಉತ್ತರವಾಗಿ ಬಂದಿತೆಂಬುದನ್ನು ಅರಿತಿರಬೇಕು. ಇತಿಹಾಸಜ್ಞಾನವು ಇಲ್ಲಿ ಅಲಂಕಾರವಲ್ಲ, ಕೆಲಸಕ್ಕೆ ಬರುವ ಉಪಕರಣ.

ಎರಡನೆಯ ಅಂಶವು ಹೆಚ್ಚು ಗಂಭೀರವಾದುದು. ಸಮುದ್ರತಂತಿಯ ಕಾಲದಲ್ಲಿ ದೋಷಶೋಧನೆಯು ಕೆಲವೇ ವಿದ್ವಾಂಸರ ಕೈಯಲ್ಲಿದ್ದಿತು. ಏವೊ ಮೀಟರೂ ಪರೀಕ್ಷಾದೀಪವೂ ಅದನ್ನು ಸಾಮಾನ್ಯ ರಿಪೇರಿಗಾರನಿಗೂ, ವಾಹನದ ಯಜಮಾನನಿಗೂ ತಲಪಿಸಿದುವು. ಈಗ ಸಂಕೇತದ ಅರ್ಥವನ್ನು ಬಲ್ಲ ತಯಾರಕನಿಗೆ ಅದು ಹಿಂದಿರುಗುತ್ತಿರುವಂತೆ ತೋರುತ್ತದೆ. ೨೦೧೨ರಲ್ಲಿ ಮ್ಯಾಸಚುಸೆಟ್ಸ್ ಸಂಸ್ಥಾನದ ಮತದಾರರು, ಮೋಟಾರುಗಳ ದೋಷಶೋಧನೆಗೆ ಬೇಕಾದ ಮಾಹಿತಿಯನ್ನು ತಯಾರಕರು ಯಜಮಾನರಿಗೂ ಸ್ವತಂತ್ರ ಗ್ಯಾರೇಜುಗಳಿಗೂ ಕೊಡಬೇಕೆಂಬ ವಿಧಿಯನ್ನು ಅಂಗೀಕರಿಸಿದುದು ಈ ಆತಂಕದ ಕುರುಹು. ವಾಹನವೊಂದು ಮನೆಯೂ ಆಗಿರುವಾಗ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಊರಿನಿಂದ ದೂರ, ರಾತ್ರಿಯ ವೇಳೆಯಲ್ಲಿ, ಮಕ್ಕಳು ಮಲಗಿರುವಾಗ ಸುಟ್ಟ ವಾಸನೆ ಬಂದರೆ, ಯಾವ ಸ್ವಿಚ್ಚನ್ನು ಮೊದಲು ಆರಿಸಬೇಕೆಂಬುದು ಆ ಮನೆಯವನಿಗೆ ತಿಳಿದಿರಬೇಕು. ಅದನ್ನು ತಿಳಿಸುವ ತಂತಿಯ ನಕ್ಷೆ ಅವನ ಕೈಯಲ್ಲಿರಬೇಕು.

ನಮ್ಮ ವಿದ್ಯಾರ್ಥಿಗಳು ಓಮನ ನಿಯಮವನ್ನು ಒಂದು ಸೂತ್ರವಾಗಿ ಕಲಿಯುತ್ತಾರೆ. ಅದು ಮುಳುಗಿದ ತಂತಿ, ಮಂಕಾದ ದೀಪ, ಹೊರಡದ ಎಂಜಿನು, ಜುಮ್ಮೆನಿಸಿದ ಬಾಗಿಲಿನ ಹಿಡಿ ಇವುಗಳ ಮುಂದೆ ನಿಂತವರ ಕೈಯಲ್ಲಿ ಬೆಳೆದು ಬಂದ ವಿವೇಕವೆಂಬುದನ್ನು ಅವರಿಗೆ ತಿಳಿಸುವ ಹೊಣೆ ಭೌತವಿಜ್ಞಾನದ ಅಧ್ಯಾಪಕರಿಗೆ ಎಷ್ಟಿದೆಯೋ ಇತಿಹಾಸದ ಅಧ್ಯಾಪಕರಿಗೂ ಅಷ್ಟೇ ಇದೆಯೆಂದು ನಾವು ಭಾವಿಸುತ್ತೇವೆ.